ಪ್ರಶ್ನಾವಳಿಯಲ್ಲಿ ಜನರು ತಾವೇ ತುಂಬಿದ ಎತ್ತರ, ತೂಕ, ಸೊಂಟದ ಅಳತೆ ತಾಳೆಯಾಗುತ್ತಿಲ್ಲ: ಸರಿಪಡಿಸುವ ಬಗೆ ಹೇಗೆ?

ಆರೋಗ್ಯ_ವಿದ್ಯಾರ್ಥಿನಿ:
ಎಲ್ಲರಿಗೂ ನಮಸ್ಕಾರ. ಸ್ನಾತಕೋತ್ತರ ಪ್ರಬಂಧಕ್ಕಾಗಿ ಕಚೇರಿ ನೌಕರರಿಂದ ಆನ್‌ಲೈನ್ ಪ್ರಶ್ನಾವಳಿಯ ಮೂಲಕ ಎತ್ತರ, ತೂಕ ಮತ್ತು ಸೊಂಟದ ಸುತ್ತಳತೆಯನ್ನು ಸಂಗ್ರಹಿಸುತ್ತಿದ್ದೇನೆ. ಪ್ರಾಯೋಗಿಕ ಹಂತದ ಉತ್ತರಗಳನ್ನು ಎಕ್ಸೆಲ್‌ನಲ್ಲಿ ತೆರೆದಾಗ, ಎತ್ತರದ ಕಾಲಂನಲ್ಲಿ 5.1 ಎಂಬ ಸಂಖ್ಯೆ ನಂಬಲಾಗದಷ್ಟು ಬಾರಿ ಬಂದಿದೆ. ತೂಕಗಳು ಬಹುತೇಕ 55, 60, 65, 70ರಲ್ಲೇ ನಿಂತಿವೆ. ಪುರುಷರ ಸೊಂಟದ ಅಳತೆ 32, 34, 36 ಇಂಚುಗಳನ್ನು ಬಿಟ್ಟು ಕದಲುವುದಿಲ್ಲ. ಮಹಿಳೆಯರಲ್ಲಿ ಅನೇಕರು ಆ ಜಾಗವನ್ನು ಖಾಲಿ ಬಿಟ್ಟಿದ್ದಾರೆ. ಈ ದತ್ತಾಂಶದಿಂದ ಬಿಎಂಐ (ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಪಡೆಯುವ ದೇಹದ ತೂಕದ ಸೂಚ್ಯಂಕ) ಲೆಕ್ಕ ಹಾಕಬಹುದೇ? ಯಾವುದಾದರೂ ತಿದ್ದುಪಡಿ ಸೂತ್ರವಿದೆಯೇ?

ಅಳತೆಗೋಲು:
ಸೂತ್ರದ ಮಾತು ಆಮೇಲೆ. ಒಂದು ವಿಷಯ ತಿಳಿಸಿ: ಎತ್ತರವನ್ನು ಒಂದೇ ಚೌಕದಲ್ಲಿ ಕೇಳಿದ್ದೀರೋ, ಅಡಿ ಮತ್ತು ಇಂಚಿಗೆ ಬೇರೆ ಬೇರೆ ಚೌಕಗಳಿದ್ದವೋ?

ಆರೋಗ್ಯ_ವಿದ್ಯಾರ್ಥಿನಿ:
ಒಂದೇ ಚೌಕ, ಸರ್. ‘ನಿಮ್ಮ ಎತ್ತರ (ಅಡಿಗಳಲ್ಲಿ)’ ಎಂದು ಕೇಳಲಾಗಿತ್ತು.

ಅಳತೆಗೋಲು:
ಹಾಗಾದರೆ ತೊಂದರೆಯ ದೊಡ್ಡ ಪಾಲು ಅಲ್ಲಿಯೇ ಇದೆ. ಐದು ಅಡಿ ಹತ್ತು ಇಂಚು ಇರುವವರು ನಮ್ಮಲ್ಲಿ ಸಾಮಾನ್ಯವಾಗಿ 5.10 ಎಂದು ಬರೆಯುತ್ತಾರೆ. ಎಕ್ಸೆಲ್ ಅದನ್ನು ದಶಮಾಂಶ ಸಂಖ್ಯೆಯೆಂದು ತಿಳಿದು ಕೊನೆಯ ಸೊನ್ನೆಯನ್ನು ಬಿಟ್ಟು 5.1 ಎಂದು ತೋರಿಸುತ್ತದೆ. 177.8 ಸೆಂ.ಮೀ. ಎತ್ತರದವರೂ 154.9 ಸೆಂ.ಮೀ. ಎತ್ತರದವರೂ ಹೀಗೆ ಒಂದೇ ಸಾಲಿಗೆ ಬಂದುಬಿಡುತ್ತಾರೆ. ಇಬ್ಬರ ತೂಕವೂ 60 ಕೆ.ಜಿ. ಆಗಿದ್ದರೆ ಮೊದಲನೆಯವರ ಬಿಎಂಐ ಸುಮಾರು 19, ಎರಡನೆಯವರದು 25. ಇನ್ನು 5.5 ಎಂದರೆ ಐದು ಅಡಿ ಐದು ಇಂಚೂ ಆಗಬಹುದು, ಐದೂವರೆ ಅಡಿಯೂ ಆಗಬಹುದು. ಇವೆರಡರ ನಡುವೆ ಎರಡೂವರೆ ಸೆಂಟಿಮೀಟರ್ ಅಂತರವಿದೆ. ಮೂಲ ಸಿಎಸ್‌ವಿ ಕಡತವನ್ನು (ಉತ್ತರಗಳನ್ನು ಸರಳ ಪಠ್ಯವಾಗಿ ಇಟ್ಟಿರುವ ಕಡತ) ಎಕ್ಸೆಲ್‌ನಲ್ಲಿ ತೆರೆಯದೆ ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಉತ್ತರಗಳು ಪಠ್ಯವಾಗಿ ಉಳಿದಿದ್ದರೆ 5.10 ಹಾಗೆಯೇ ಸಿಗುತ್ತದೆ. ಸಿಗದಿದ್ದರೆ ಊಹಿಸಿ ತಿದ್ದಬೇಡಿ. ಅವರನ್ನೇ ಮತ್ತೆ ಕೇಳುವುದು ಸಾಧ್ಯವಾಗದಿದ್ದಲ್ಲಿ ಆ ಸಾಲುಗಳನ್ನು ಕೈಬಿಡುವುದೇ ಪ್ರಾಮಾಣಿಕ ಮಾರ್ಗ.

ಮುಖ್ಯ ಸಮೀಕ್ಷೆಯಲ್ಲಿ ಅಡಿಗೊಂದು, ಇಂಚಿಗೊಂದು ಚೌಕವನ್ನಿಟ್ಟು, ಇಂಚಿನ ಉತ್ತರವನ್ನು 0ರಿಂದ 11ರೊಳಗೆ ಮಿತಿಗೊಳಿಸಿ. ಸೆಂಟಿಮೀಟರ್‌ನಲ್ಲಿ ತಿಳಿದವರಿಗೆ ಪ್ರತ್ಯೇಕ ಆಯ್ಕೆ ಇರಲಿ.

ಕ್ಷೇತ್ರ_ಸಮೀಕ್ಷಕಿ:
ಸೊಂಟದ ವಿಷಯದಲ್ಲಿ ನಾನೊಂದು ಮಾತು ಸೇರಿಸುತ್ತೇನೆ. 32, 34, 36 ಎಂಬ ಸರಿಸಂಖ್ಯೆಗಳು ಪ್ಯಾಂಟಿನ ಪಟ್ಟಿಯ ಮೇಲಿನ ಸಂಖ್ಯೆಗಳೇ ಹೊರತು ದೇಹದ ಅಳತೆಯಲ್ಲ. ಪ್ಯಾಂಟು ಹೊಟ್ಟೆಯ ಕೆಳಗೆ ನಿಲ್ಲುವುದರಿಂದಲೂ, ಒಂದೊಂದು ಕಂಪನಿಯ ಅಳತೆ ಒಂದೊಂದು ಬಗೆಯಾಗಿರುವುದರಿಂದಲೂ ಅದನ್ನು ಆರೋಗ್ಯದ ಸೂಚಕವಾಗಿ ಬಳಸಲಾಗದು. ಸೀರೆ ಉಡುವವರಿಗಂತೂ ಆ ಸಂಖ್ಯೆಯ ಪರಿಚಯವೇ ಇರುವುದಿಲ್ಲ. ಖಾಲಿ ಬಿಟ್ಟವರನ್ನು ಅಸಹಕಾರಿಗಳೆಂದು ತಿಳಿಯಬೇಡಿ.

ಕೇಳುವುದಾದರೆ ಅಳೆಯಲು ಹೇಳಿಕೊಟ್ಟು ಕೇಳಿ: ಕೊನೆಯ ಪಕ್ಕೆಲುಬಿನ ಕೆಳಅಂಚಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುಮಧ್ಯೆ, ಬಿಗಿಯದೆ, ಸಹಜವಾಗಿ ಉಸಿರು ಬಿಟ್ಟ ಬಳಿಕ ಟೇಪು ಸುತ್ತಬೇಕು. ಟೇಪು ಇಲ್ಲದ ಮನೆಯಲ್ಲಿ ಹಿಗ್ಗದ ದಾರವನ್ನು ಸುತ್ತಿ, ಗುರುತು ಮಾಡಿ, ಸ್ಕೇಲಿನ ಮೇಲೆ ಅಳೆಯಬಹುದು. ಎತ್ತರಕ್ಕೂ ಹಾಗೆಯೇ: ಚಪ್ಪಲಿ ಕಳಚಿ, ಹಿಮ್ಮಡಿಗಳನ್ನು ಗೋಡೆಗೆ ತಾಗಿಸಿ ನಿಂತು, ತಲೆಯ ಮೇಲೆ ಗಟ್ಟಿರಟ್ಟಿನ ಪುಸ್ತಕವನ್ನು ಸಮವಾಗಿಟ್ಟು, ಇನ್ನೊಬ್ಬರಿಂದ ಗುರುತು ಹಾಕಿಸಿಕೊಳ್ಳಬೇಕು.

‘ಕೊನೆಯ ಬಾರಿ ತೂಕ ನೋಡಿದ್ದು ಯಾವಾಗ?’ ಎಂಬ ಪ್ರಶ್ನೆಯನ್ನು ತಪ್ಪದೆ ಸೇರಿಸಿ. ಕಳೆದ ವಾರ ನೋಡಿದವರ 60ಕ್ಕೂ ಮದುವೆಗೆ ಮುಂಚೆ ನೋಡಿದವರ 60ಕ್ಕೂ ಒಂದೇ ಬೆಲೆ ಕೊಡಲಾಗದು. ವಯಸ್ಸಾದವರು ಯೌವನದ ಎತ್ತರವನ್ನೇ ಹೇಳುವುದು ಸಾಮಾನ್ಯ. ಬೆನ್ನುಮೂಳೆಯ ಡಿಸ್ಕುಗಳು ಕುಗ್ಗಿ ಎತ್ತರ ಇಳಿದಿರುವುದು ಅವರ ಗಮನಕ್ಕೆ ಬಂದಿರುವುದಿಲ್ಲ.

ಆರೋಗ್ಯ_ವಿದ್ಯಾರ್ಥಿನಿ:
ಇಬ್ಬರಿಗೂ ಧನ್ಯವಾದಗಳು. ಪ್ರಶ್ನೆಗಳನ್ನು ಹೀಗೆ ಬದಲಿಸಿದ ಮೇಲೆ ತಿದ್ದುಪಡಿ ಸೂತ್ರದ ಅಗತ್ಯ ಉಳಿಯುವುದೇ? ಅಮೆರಿಕದ ಸಮೀಕ್ಷೆಗಳಿಂದ ರೂಪಿಸಿದ ಸಮೀಕರಣಗಳನ್ನು ಬಳಸಬಹುದೇ?

ಅಳತೆಗೋಲು:
ಅಗತ್ಯ ಉಳಿಯುತ್ತದೆ, ಏಕೆಂದರೆ ಎತ್ತರವನ್ನು ತುಸು ಹೆಚ್ಚಿಸಿ, ತೂಕವನ್ನು ತುಸು ಇಳಿಸಿ ಹೇಳುವ ಪ್ರವೃತ್ತಿ ಚೌಕ ಬದಲಿಸಿದ ಮಾತ್ರಕ್ಕೆ ಹೋಗುವುದಿಲ್ಲ. 160 ಸೆಂ.ಮೀ., 60 ಕೆ.ಜಿ. ಇರುವವರು 163 ಮತ್ತು 58 ಎಂದು ಬರೆದರೆ ಬಿಎಂಐ 23.4ರಿಂದ 21.8ಕ್ಕೆ ಇಳಿಯುತ್ತದೆ, ಏಷ್ಯಾದವರಿಗೆ ಅಪಾಯದ ಆರಂಭವೆಂದು ಸೂಚಿಸಲಾದ 23ರ ಗೆರೆಯನ್ನು ಅವರು ಕಾಗದದ ಮೇಲೆ ದಾಟುವುದೇ ಇಲ್ಲ.

ಆದರೆ ಅಮೆರಿಕದ ಸಮೀಕರಣವನ್ನು ಎರವಲು ತರಬೇಡಿ. ಅಲ್ಲಿನ ಎನ್‌ಹೇನ್ಸ್ ಎಂಬ ರಾಷ್ಟ್ರೀಯ ಆರೋಗ್ಯ ಮತ್ತು ಪೋಷಣೆ ಸಮೀಕ್ಷೆ ಮೊದಲು ಕೇಳಿ, ಆಮೇಲೆ ಅಳೆದೂ ನೋಡುವುದರಿಂದ ಅಂತಹ ಸಮೀಕರಣ ಸಾಧ್ಯವಾಗಿದೆ. ಅದು ಅಲ್ಲಿನ ಜನರು ತಪ್ಪಿ ಹೇಳುವ ರೀತಿಯ ಲೆಕ್ಕ. ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಎತ್ತರ ಮತ್ತು ತೂಕವನ್ನು ನೇರವಾಗಿ ಅಳೆಯುತ್ತದೆ. 2019–21ರ ಸುತ್ತಿನಲ್ಲಿ ಸೊಂಟ ಮತ್ತು ನಿತಂಬದ ಸುತ್ತಳತೆಯನ್ನೂ ಅಳೆಯಲಾಯಿತು. ನೀವೂ ಒಂದು ಉಪಮಾದರಿಯನ್ನು, ಎಂದರೆ ಉತ್ತರಿಸಿದವರಲ್ಲಿ ಒಂದು ಸಣ್ಣ ಗುಂಪನ್ನು, ಅಳೆಯಿರಿ. ಅದನ್ನು ಲಾಟರಿಯಂತೆ ಯಾದೃಚ್ಛಿಕವಾಗಿಯೇ ಆರಿಸಬೇಕು, ‘ಯಾರು ಬರುತ್ತೀರಿ?’ ಎಂದು ಕೇಳಿದರೆ ತಮ್ಮ ತೂಕದ ಬಗ್ಗೆ ಅಳುಕಿಲ್ಲದವರೇ ಬರುತ್ತಾರೆ. ಹೇಳಿದ್ದಕ್ಕೂ ಅಳೆದದ್ದಕ್ಕೂ ಇರುವ ವ್ಯತ್ಯಾಸವನ್ನು ಲಿಂಗ ಮತ್ತು ವಯಸ್ಸಿನ ಪ್ರಕಾರ ನೋಡಿ, ಉಳಿದವರಿಗೆ ಹಿಂಚಲನೆಯ (ರಿಗ್ರೆಷನ್: ಹೇಳಿದ ಅಳತೆಯಿಂದ ನಿಜವಾದ ಅಳತೆಯನ್ನು ಅಂದಾಜಿಸುವ ಸಂಖ್ಯಾಶಾಸ್ತ್ರದ ವಿಧಾನ) ಮೂಲಕ ತಿದ್ದುಪಡಿ ಮಾಡಿ. ಗುಂಪಿನ ಸರಾಸರಿ ಇದರಿಂದ ಸುಧಾರಿಸುತ್ತದೆ. ಒಬ್ಬೊಬ್ಬ ವ್ಯಕ್ತಿಯ ನಿಜವಾದ ಬಿಎಂಐ ಸಿಕ್ಕಿತೆಂದು ಪ್ರಬಂಧದಲ್ಲಿ ಬರೆಯಬೇಡಿ.

ಕ್ಷೇತ್ರ_ಸಮೀಕ್ಷಕಿ:
ಅಳೆಯುವ ಸಾಧ್ಯತೆಯಿದೆ ಎಂಬುದನ್ನು ಒಪ್ಪಿಗೆ ಪತ್ರದಲ್ಲೇ ಎಲ್ಲರಿಗೂ ತಿಳಿಸಿ. ಅದು ನ್ಯಾಯವೂ ಹೌದು, ಉತ್ತರಗಳನ್ನು ನಿಖರವಾಗಿಸಲು ನೆರವಾಗುವುದೂ ಹೌದು. ತೂಕದ ಯಂತ್ರವನ್ನು ಕಾರ್ಪೆಟ್ಟಿನ ಮೇಲಿಡದೆ ಗಟ್ಟಿ ನೆಲದ ಮೇಲಿಡಿ. ಎತ್ತರವನ್ನು ಎಲ್ಲರಿಗೂ ದಿನದ ಒಂದೇ ಹೊತ್ತಿನಲ್ಲಿ ಅಳೆಯಿರಿ, ಏಕೆಂದರೆ ಬೆಳಗಿನಿಂದ ಸಂಜೆಗೆ ಸುಮಾರು ಒಂದು ಸೆಂಟಿಮೀಟರ್ ಇಳಿಯುತ್ತದೆ. ಪ್ರತಿ ಪ್ರಶ್ನೆಗೂ ‘ಗೊತ್ತಿಲ್ಲ’ ಎಂಬ ಆಯ್ಕೆಯನ್ನು ಕೊಡಿ. ಅದಿಲ್ಲದಿದ್ದರೆ ಜನರು ಮುಂದಿನ ಪುಟಕ್ಕೆ ಹೋಗುವುದಕ್ಕಾಗಿಯೇ 60 ಎಂದು ಒತ್ತಿಬಿಡುತ್ತಾರೆ.