ಕಾಲೇಜು ಸ್ಟಾರ್ಟಪ್‌ಗೆ ಜನರಿಂದ ದುಡ್ಡು ಎತ್ತಬಹುದಾ? ಸಿಎ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಶಿವಮೊಗ್ಗದ ವಿದ್ಯಾರ್ಥಿ): ನಾವು ನಾಲ್ಕು ಜನ, ಫೈನಲ್ ಇಯರ್ ಮೆಕ್ಯಾನಿಕಲ್. ಪ್ರಾಜೆಕ್ಟಿಗೆ ಅಂತ ಅಡಿಕೆ ಒಣಗಿಸುವ ಸೋಲಾರ್ ಡ್ರೈಯರ್ ಮಾಡಿದೆವು. ತೀರ್ಥಹಳ್ಳಿ ಕಡೆ ಒಬ್ಬರ ಅಂಗಳದಲ್ಲಿ ಇಟ್ಟು ನೋಡಿದೆವು. ಮೋಡ ಕವಿದಿದ್ದರೂ ಬೇಯಿಸಿದ ಅಡಿಕೆಗೆ ಬೂಷ್ಟು ಹಿಡಿಯಲಿಲ್ಲ. ಈಗ ಅಕ್ಕಪಕ್ಕದವರು ನಮಗೂ ಬೇಕು ಅನ್ನುತ್ತಿದ್ದಾರೆ. ಹತ್ತು ಮಷಿನ್‌ಗೆ ಸುಮಾರು 6 ಲಕ್ಷ ಬೇಕು. ಕಂಪನಿ ಇನ್ನೂ ರಿಜಿಸ್ಟರ್ ಆಗಿಲ್ಲ. ವಾಟ್ಸಾಪ್, ಇನ್‌ಸ್ಟಾದಲ್ಲಿ ಪೋಸ್ಟ್ ಹಾಕಿ, ತಲಾ 5 ಸಾವಿರ ಕೊಟ್ಟವರಿಗೆ ಪಾಲು ಕೊಡ್ತೀವಿ ಅನ್ನಿ, ಕಿಕ್‌ಸ್ಟಾರ್ಟರ್ ವೆಬ್‌ಸೈಟ್ ತರ, ಅಂತ ಒಬ್ಬ ಸೀನಿಯರ್ ಹೇಳಿದ್ದಾರೆ. ಸರಿನಾ?

ಉತ್ತರ: ಆ ಪೋಸ್ಟ್ ಹಾಕಬೇಡಿ. ಹಾಕಿದ್ದರೆ ಇವತ್ತೇ ತೆಗೆಯಿರಿ.

ಮೊದಲನೆಯದಾಗಿ, ಕಂಪನಿಯೇ ಇಲ್ಲ, ಪಾಲು ಯಾವುದರಲ್ಲಿ ಕೊಡುತ್ತೀರಿ? ಎರಡನೆಯದು, ಕಂಪನಿ ಇದ್ದರೂ ಪ್ರೈವೇಟ್ ಲಿಮಿಟೆಡ್ ಆದದ್ದು ಊರಿಗೆಲ್ಲ ಸಾರಿ ಶೇರು ಮಾರುವಂತಿಲ್ಲ. ಅಮೆರಿಕದಲ್ಲಿ 2012ರಲ್ಲಿ ಕಾಯ್ದೆ ಮಾಡಿ, 2016ರಿಂದ ಸಾಮಾನ್ಯ ಜನರೂ ನೋಂದಾಯಿತ ಪೋರ್ಟಲ್ ಮೂಲಕ ಸಣ್ಣ ಕಂಪನಿಗಳಲ್ಲಿ ಪಾಲು ಕೊಳ್ಳುವುದಕ್ಕೆ ದಾರಿ ಮಾಡಿಕೊಟ್ಟರು. ನಮ್ಮಲ್ಲಿ ಶೇರು ಪೇಟೆಯ ನಿಯಂತ್ರಕ ಸೆಬಿ 2014ರ ಜೂನ್‌ನಲ್ಲಿ ಇದೇ ವಿಷಯಕ್ಕೆ ಚರ್ಚಾ ಪತ್ರವೊಂದನ್ನು ಹೊರಡಿಸಿತು, ಅದು ನಿಯಮವಾಗಲಿಲ್ಲ. 2016ರ ಆಗಸ್ಟ್‌ನಲ್ಲಿ, ಹೀಗೆ ಪಾಲು ಮಾರುವ, ಅನುಮತಿಯಿಲ್ಲದ ವೆಬ್‌ಸೈಟ್‌ಗಳಲ್ಲಿ ದುಡ್ಡು ಹಾಕಬೇಡಿ ಅಂತ ಹೂಡಿಕೆದಾರರನ್ನೇ ಎಚ್ಚರಿಸಿತು.

ಇನ್ನು ಕಿಕ್‌ಸ್ಟಾರ್ಟರ್. ಅಲ್ಲಿ ಪಾಲು ಸಿಗುವುದೇ ಇಲ್ಲ. ದುಡ್ಡು ಕೊಟ್ಟವರಿಗೆ ಸಿಗುವುದು ಸಾಮಾನು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಟ್ಟಿದ ಫಾರ್ಮ್‌ಲ್ಯಾಬ್ಸ್ 2012ರಲ್ಲಿ ಅಲ್ಲಿ 1 ಲಕ್ಷ ಡಾಲರ್ ಕೇಳಿ 29 ಲಕ್ಷ ಡಾಲರಿಗೂ ಜಾಸ್ತಿ ಎತ್ತಿತು. ಕೊಟ್ಟವರು ಕಾಯುತ್ತಿದ್ದದ್ದು ಒಂದು ತ್ರೀಡಿ ಪ್ರಿಂಟರಿಗೆ, ಶೇರಿಗಲ್ಲ. ಭಾರತದ ವಿಳಾಸ, ಭಾರತದ ಬ್ಯಾಂಕ್ ಖಾತೆ ಇಟ್ಟುಕೊಂಡು ಅಲ್ಲಿ ಪ್ರಾಜೆಕ್ಟ್ ತೆರೆಯುವುದಕ್ಕೂ ಆಗುವುದಿಲ್ಲ.

ಪ್ರಶ್ನೆ (ಮೈಸೂರಿನ ಸದಸ್ಯರು): 200 ಜನರ ಒಳಗಿದ್ದರೆ ತೊಂದರೆ ಇಲ್ಲ ಅಂತ ಕೇಳಿದ್ದೆ?

ಉತ್ತರ: ಅರ್ಧ ಮಾತ್ರ ಸರಿ. ಕಂಪನಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಒಂದು ಹಣಕಾಸು ವರ್ಷದಲ್ಲಿ ಹೆಚ್ಚೆಂದರೆ 200 ಜನರಿಗೆ ಶೇರು ಕೊಡಲು ಮುಂದಾಗಬಹುದು, ಆದರೆ ಆ ಜನ ಯಾರು ಅಂತ ಮೊದಲೇ ಗುರುತಿಸಿ, ಒಬ್ಬೊಬ್ಬರ ಹೆಸರಿಗೆ ಪತ್ರ ಕಳಿಸಬೇಕು. ಜಾಹೀರಾತು ಕೊಡುವ ಹಾಗಿಲ್ಲ. ಸ್ಟೇಟಸ್‌ನಲ್ಲಿ ಹಾಕಿದ್ದು ಖಾಸಗಿ ಪತ್ರ ಅಂತ ವಾದ ಮಾಡಲು ನನಗಂತೂ ಧೈರ್ಯ ಇಲ್ಲ. ಹಣ ಬ್ಯಾಂಕ್ ಮೂಲಕವೇ ಬರಬೇಕು, ಬೇರೆ ಖಾತೆಯಲ್ಲಿ ಇರಬೇಕು. 60 ದಿನದೊಳಗೆ ಶೇರು ಕೊಡಬೇಕು. ಕೊಡದಿದ್ದರೆ ಮುಂದಿನ 15 ದಿನದಲ್ಲಿ ವಾಪಸ್, ಅದೂ ತಪ್ಪಿದರೆ ವರ್ಷಕ್ಕೆ 12% ಬಡ್ಡಿ. ತಲಾ 5 ಸಾವಿರಕ್ಕೆ ಇಷ್ಟೆಲ್ಲ ಕಾಗದ ಮಾಡಿದರೆ ನಿಮ್ಮ ದುಡ್ಡು ನನ್ನಂಥವರ ಫೀಸಿಗೇ ಹೋಗುತ್ತದೆ. ಮೇಲಾಗಿ ನೂರಾರು ಪುಟ್ಟ ಪಾಲುದಾರರಿರುವ ಕಂಪನಿ ಅಂದರೆ ಮುಂದೆ ಬರುವ ದೊಡ್ಡ ಹೂಡಿಕೆದಾರರು ಹಿಂದೇಟು ಹಾಕುತ್ತಾರೆ.

ಪ್ರಶ್ನೆ (ಶಿವಮೊಗ್ಗದ ವಿದ್ಯಾರ್ಥಿ): ಹಾಗಾದರೆ ನಮಗೆ ಯಾವ ದಾರಿ?

ಉತ್ತರ: ಕೊಳ್ಳುವವರು ಎದುರಿಗೇ ಇದ್ದಾರಲ್ವಾ. ಅವರಿಂದ ಮುಂಗಡ ತೆಗೆದುಕೊಳ್ಳಿ. ನನ್ನ ಪ್ರಕಾರ ನಿಮಗೆ ಒಪ್ಪುವ ಕ್ರೌಡ್‌ಫಂಡಿಂಗ್ (ಹಲವರಿಂದ ಸ್ವಲ್ಪ ಸ್ವಲ್ಪ ದುಡ್ಡು ಎತ್ತುವುದು) ಇದೊಂದೇ.

ಆದರೆ ಅದಕ್ಕೂ ಮೊದಲು ಕಂಪನಿ ರಿಜಿಸ್ಟರ್ ಮಾಡಿ, ಅದರ ಹೆಸರಲ್ಲಿ ಖಾತೆ ತೆರೆಯಿರಿ. ಇಲ್ಲದಿದ್ದರೆ ನಾಳೆ ಮಷಿನ್ ಕೈಕೊಟ್ಟರೆ ಸಾಲ ನಿಮ್ಮ ನಾಲ್ವರ ತಲೆಗೇ ಬರುತ್ತದೆ, ಮನೆಯವರನ್ನೂ ಎಳೆದಾಡುತ್ತದೆ.

ಈಗ ಲೆಕ್ಕ. ಹತ್ತಕ್ಕೆ 6 ಲಕ್ಷ ಅಂದರೆ ಒಂದಕ್ಕೆ 60 ಸಾವಿರ ಖರ್ಚು. ತಲಾ 25 ಸಾವಿರ ಮುಂಗಡ ಅಂದರೂ ಹತ್ತು ಜನರಿಂದ ಎರಡೂವರೆ ಲಕ್ಷ. ಅದರಲ್ಲಿ ನಾಲ್ಕು ಮಷಿನ್ ಮುಗಿಸಬಹುದು. ನಾಲ್ಕನ್ನು ಕೊಟ್ಟು ಬಾಕಿ ವಸೂಲಿ ಮಾಡಿ, ಆ ದುಡ್ಡಿನಲ್ಲಿ ಮುಂದಿನ ಕೆಲವು, ಹೀಗೆ ಸರದಿಯ ಮೇಲೆ ಉಳಿದವು. ಮಾರುವ ಬೆಲೆ 60 ಸಾವಿರವೇ ಇಟ್ಟರೆ ಕೊನೆಯ ಎರಡಕ್ಕೆ ದುಡ್ಡು ಸಾಲುವುದಿಲ್ಲ, ಒಂದು ವೆಲ್ಡಿಂಗ್ ಕೆಟ್ಟರೂ ನಷ್ಟ, ಹಾಗಾಗಿ ಬೆಲೆಯನ್ನು ಇನ್ನೊಮ್ಮೆ ಕೂತು ನೋಡಿ.

ಗಡುವು ಬಹಳ ಮುಖ್ಯ. ಕಾನೂನಿನ ಗಡುವು 365 ದಿನ: ಸಾಮಾನಿಗೆ ಅಂತ ಕಂಪನಿ ತೆಗೆದುಕೊಂಡ ಮುಂಗಡ ಅಷ್ಟರೊಳಗೆ ಆ ಸಾಮಾನಿನ ಲೆಕ್ಕಕ್ಕೆ ಸೇರದಿದ್ದರೆ ಅದು ಠೇವಣಿ ಅನ್ನಿಸಿಕೊಳ್ಳುತ್ತದೆ, ಠೇವಣಿ ನಿಯಮಗಳು ಮೈಮೇಲೆ ಬೀಳುತ್ತವೆ, ಅದು ನಿಮ್ಮ ಅಳತೆಯ ಕಂಪನಿಗೆ ತಡೆದುಕೊಳ್ಳುವಂಥದ್ದಲ್ಲ. ರೈತರ ಗಡುವು ಇದಕ್ಕಿಂತ ಬಿಗಿ. ಕೊಯ್ಲು ಶುರುವಾಗುವ ಹೊತ್ತಿಗೆ ಡ್ರೈಯರ್ ಅಂಗಳದಲ್ಲಿರಬೇಕು, ಫೆಬ್ರುವರಿಯಲ್ಲಿ ತಂದು ಇಳಿಸಿದರೆ ಅವರಿಗೆ ಏನು ಉಪಯೋಗ? ಅದಕ್ಕೇ ರಸೀದಿಯಲ್ಲಿ ಹೀಗೆ ಬರೆಯಿರಿ: 'ಇಂಥ ತಾರೀಖಿನೊಳಗೆ ಯಂತ್ರ ಕೊಡದಿದ್ದರೆ, ಕೊಂಡವರು ಕೇಳಿದ 15 ದಿನದಲ್ಲಿ ಪೂರ್ತಿ ಮುಂಗಡ ವಾಪಸ್.' ಹೀಗೆ ಬರೆಯಲು ನಿಮಗೆ ಭಯವಾದರೆ ಮುಂಗಡ ತೆಗೆದುಕೊಳ್ಳುವ ಸಮಯ ಇನ್ನೂ ಬಂದಿಲ್ಲ ಅಂತ ಅರ್ಥ.

ಜಿಎಸ್‌ಟಿ ಬಗ್ಗೆ: ಸರಕಿನ ಮುಂಗಡಕ್ಕೆ ಆಗಲೇ ತೆರಿಗೆ ಕಟ್ಟಬೇಕಿಲ್ಲ, ಬಿಲ್ ಮಾಡುವಾಗ ಸಾಕು. ಆದರೆ ಕೇರಳಕ್ಕೋ ಗೋವಾಕ್ಕೋ ಮಾರುವ ಯೋಚನೆ ಇದ್ದರೆ ವಹಿವಾಟು ಎಷ್ಟೇ ಚಿಕ್ಕದಿರಲಿ, ನೋಂದಣಿ ಬೇಕು.

ಅನುದಾನಕ್ಕೂ ಅರ್ಜಿ ಹಾಕಿ. ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ರಾಜ್ಯದ ವಿಜ್ಞಾನ ತಂತ್ರಜ್ಞಾನ ಮಂಡಳಿ ಕೆಎಸ್‌ಸಿಎಸ್‌ಟಿ ಸಣ್ಣ ಮೊತ್ತ ಕೊಡುತ್ತದೆ. ಮಾದರಿ ಯಂತ್ರಕ್ಕೆ ಕೇಂದ್ರದ 'ನಿಧಿ ಪ್ರಯಾಸ್' ಯೋಜನೆಯಲ್ಲಿ 10 ಲಕ್ಷದವರೆಗೆ, ಕಂಪನಿ ಆದ ಮೇಲೆ ರಾಜ್ಯದ 'ಎಲಿವೇಟ್' ಸ್ಟಾರ್ಟಪ್ ಯೋಜನೆಯಲ್ಲಿ 50 ಲಕ್ಷದವರೆಗೆ ಸಿಗುವ ಅವಕಾಶ ಇದೆ. ಹತ್ತು ರೈತರು ಮುಂಗಡ ಕೊಟ್ಟಿರುವ ರಸೀದಿಗಳನ್ನು ಅಲ್ಲಿ ತೋರಿಸಿ, ಇಪ್ಪತ್ತು ಸ್ಲೈಡಿಗಿಂತ ಅವು ಜಾಸ್ತಿ ಕೆಲಸ ಮಾಡುತ್ತವೆ.

ಪ್ರಶ್ನೆ (ನ್ಯೂಜೆರ್ಸಿಯ ಸದಸ್ಯರು): ನಾನು ಅದೇ ಭಾಗದವನು. ನನಗೆ ಪಾಲೂ ಬೇಡ, ಮಷಿನೂ ಬೇಡ. ಈ ಹುಡುಗರಿಗೆ ಸುಮ್ನೆ ಒಂದು ಲಕ್ಷ ಕಳಿಸಬಹುದಾ?

ಉತ್ತರ: ನಿಮ್ಮ ಮನಸ್ಸು ದೊಡ್ಡದು. ಆದರೆ ನಿಮ್ಮ ಪಾಸ್‌ಪೋರ್ಟ್ ಯಾವುದು ಅನ್ನುವುದರ ಮೇಲೆ ಉತ್ತರ ಇದೆ. ಭಾರತದ ಪಾಸ್‌ಪೋರ್ಟ್ ಇದ್ದು, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪೌರತ್ವ ತೆಗೆದುಕೊಂಡಿದ್ದರೆ, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ, ನೀವು ವಿದೇಶಿ ಮೂಲವೇ. ಆಗ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ಪ್ರಶ್ನೆ ಬರುತ್ತದೆ, ಹುಡುಗರ ಖಾತೆಗೆ ನೇರವಾಗಿ ಹಾಕಬೇಡಿ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಸಂಬಂಧಿಕರಲ್ಲದವರಿಂದ ಉಡುಗೊರೆಯಾಗಿ ಬಂದ ಹಣ ಒಂದು ವರ್ಷದಲ್ಲಿ ಒಟ್ಟು 50 ಸಾವಿರ ದಾಟಿದರೆ, ದಾಟಿದ್ದಷ್ಟೇ ಅಲ್ಲ, ಪೂರ್ತಿ ಮೊತ್ತ ಪಡೆದವರ ಆದಾಯಕ್ಕೆ ಸೇರುತ್ತದೆ. ಐದು ನೂರು, ಸಾವಿರ ಅಂತ ಚಿಲ್ಲರೆಯಾಗಿ ಬಂದರೂ ಒಟ್ಟು ಲೆಕ್ಕವೇ. ಕಾಲೇಜಿನ ಟ್ರಸ್ಟ್‌ಗೆ, ದೇಣಿಗೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಸಿಗುವ ನೋಂದಣಿ (80ಜಿ ಅಂತ ಕರೆಯುವುದು) ಇದ್ದರೆ ಅದರ ಮೂಲಕ ಕೊಡುವುದು ಒಳ್ಳೆಯದು, ವಿದೇಶಿ ಪೌರರಾದರೆ ಆ ಟ್ರಸ್ಟ್‌ಗೆ ಎಫ್‌ಸಿಆರ್‌ಎ ನೋಂದಣಿ ಕೂಡ ಇದೆಯಾ ಕೇಳಿ.

ಪ್ರಶ್ನೆ (ಉಪನ್ಯಾಸಕರು, ಹುಬ್ಬಳ್ಳಿ): ಮುಂಗಡ ಕೇಳಲು ವಿಡಿಯೊ ಮಾಡುತ್ತಾರಲ್ಲ, ಪೇಟೆಂಟ್ ಗತಿ?

ಉತ್ತರ: ಒಳ್ಳೆಯ ಪ್ರಶ್ನೆ ಮೇಡಂ. ಒಳಗಿನ ಗಾಳಿ ಓಡಾಡುವ ದಾರಿ ಕಾಣುವಂಥ ವಿಡಿಯೊ ಒಮ್ಮೆ ಹೊರಗೆ ಬಂದರೆ ಹೊಸದು ಅಂತ ಹೇಳಿಕೊಳ್ಳುವ ಹಕ್ಕೇ ಹೋಗಬಹುದು. ಮೊದಲು ಪೇಟೆಂಟ್‌ಗೆ ಪ್ರಾವಿಷನಲ್ (ತಾತ್ಕಾಲಿಕ) ಅರ್ಜಿ ಹಾಕಲಿ. ವ್ಯಕ್ತಿಗಳಿಗೆ ಆನ್‌ಲೈನ್ ಶುಲ್ಕ 1,600 ರೂಪಾಯಿ, ಪೂರ್ತಿ ಅರ್ಜಿಗೆ 12 ತಿಂಗಳ ಸಮಯ. ಅಂಗಳದ ಪರೀಕ್ಷೆಯ ವಿಷಯವನ್ನೂ ಪೇಟೆಂಟ್ ಏಜೆಂಟ್‌ಗೆ ಹೇಳಲಿ. ಕಾಲೇಜಿನ ಲ್ಯಾಬ್, ಗೈಡ್ ಸಮಯ ಬಳಸಿದ್ದಾರಲ್ವಾ? ಹಕ್ಕು ಯಾರದ್ದು ಅಂತ ಕಾಲೇಜಿನಿಂದ ಈಗಲೇ ಬರಹದಲ್ಲಿ ತೆಗೆದುಕೊಳ್ಳಬೇಕು. ಮಷಿನ್ ಹೆಸರು ಮಾಡಿದ ಮೇಲೆ ಕೇಳಿದರೆ ಮಾತುಕತೆ ಬೇರೆಯದೇ ಆಗಿರುತ್ತದೆ.

ಪ್ರಶ್ನೆ (ಶಿವಮೊಗ್ಗದ ವಿದ್ಯಾರ್ಥಿ): ಒಂದು ಹೇಳಿರಲಿಲ್ಲ. ಪಾಲು ಅಂತ ಮೂರು ಜನ ಆಗಲೇ ತಲಾ 5 ಸಾವಿರ ಸ್ನೇಹಿತನ ಯುಪಿಐಗೆ ಹಾಕಿದ್ದಾರೆ. ಅದನ್ನೇ ಮುಂಗಡ ಅಂತ ಮಾಡಿಕೊಳ್ಳಬಹುದಾ?

ಉತ್ತರ: ಬೇಡ. ಬಂದ ಖಾತೆಗೇ, ಪೂರ್ತಿ ಮೊತ್ತ, ಇವತ್ತೇ ವಾಪಸ್ ಹಾಕಿ. 'ಶೇರು ಹಣ ಹಿಂತಿರುಗಿಸಿದ್ದು' ಅಂತ ಟಿಪ್ಪಣಿ ಬರೆಯಿರಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಫೋನ್ ಮಾಡಿ ವಿಷಯ ಬಿಡಿಸಿ ಹೇಳಿ. ಅವರಲ್ಲಿ ಯಾರಿಗಾದರೂ ಡ್ರೈಯರ್ ಬೇಕಿದ್ದರೆ ಕಂಪನಿ ಖಾತೆ ಆದ ಮೇಲೆ ಹೊಸ ರಸೀದಿ ಕೊಟ್ಟು ತೆಗೆದುಕೊಳ್ಳಿ. ರಸೀದಿಯ ಕರಡು ಬರೆದು ಇಲ್ಲೇ ಹಾಕಿ, ನೋಡಿ ತಿದ್ದಿಕೊಡುತ್ತೇನೆ.