ಹಸಿರು ಪ್ರಮಾಣಪತ್ರವಿರುವ ಕಚೇರಿಯಲ್ಲಿ ಮಧ್ಯಾಹ್ನದ ತಲೆನೋವು: ಎಂಜಿನಿಯರ್ ಜೊತೆ ಪ್ರಶ್ನೋತ್ತರ

ನಿರ್ವಾಹಕರು: ಬೆಂಗಳೂರಿನ ಕಚೇರಿ ಕಟ್ಟಡಗಳ ಇಂಧನ ಲೆಕ್ಕಪರಿಶೋಧನೆ ಮಾಡುವ ಎಂಜಿನಿಯರ್ ಮೇಡಂ ಇಂದು ಸಂಜೆ ಉತ್ತರಿಸುತ್ತಾರೆ. ದಯವಿಟ್ಟು ಒಂದೊಂದೇ ಪ್ರಶ್ನೆ ಕೇಳಿ.

ಕೋರಮಂಗಲದ ಸದಸ್ಯ: ನಮಸ್ಕಾರ ಮೇಡಂ. ಕಂಪನಿಗೆ ಬಾಡಿಗೆ ಜಾಗ ಹುಡುಕುತ್ತಿದ್ದೇವೆ. ಲೀಡ್, ಐಜಿಬಿಸಿ, ಗೃಹ, ಇವುಗಳಲ್ಲಿ ಯಾವ ಹಸಿರು ಕಟ್ಟಡ ಪ್ರಮಾಣಪತ್ರ ಒಳ್ಳೆಯದು?

ಎಂಜಿನಿಯರ್: ನಮಸ್ಕಾರ. ಲೀಡ್ ಅಮೆರಿಕದ ಮಂಡಳಿಯದು. ಐಜಿಬಿಸಿಯನ್ನು 2001ರಲ್ಲಿ ಉದ್ಯಮಗಳ ಒಕ್ಕೂಟವಾದ ಸಿಐಐ ಆರಂಭಿಸಿತು. ಗೃಹ ಟೆರಿ ಎಂಬ ಇಂಧನ ಸಂಶೋಧನಾ ಸಂಸ್ಥೆ ಮತ್ತು ಕೇಂದ್ರ ಸರ್ಕಾರದ್ದು. ಮೂರೂ ಒಳ್ಳೆಯವೇ, ಆದರೆ ಹೊಸ ಕಟ್ಟಡಕ್ಕೆ ಕೊಡುವ ಪ್ರಮಾಣಪತ್ರ ಬಹುಮಟ್ಟಿಗೆ ವಿನ್ಯಾಸವನ್ನು ನೋಡಿ ಕೊಟ್ಟದ್ದು. ಆಮೇಲೆ ಕಟ್ಟಡವನ್ನು ಹೇಗೆ ನಡೆಸುತ್ತಿದ್ದಾರೆ ಎಂಬುದು ಗೋಡೆಯ ಫಲಕದಲ್ಲಿ ಇರುವುದಿಲ್ಲ. ಕಳೆದ ಹನ್ನೆರಡು ತಿಂಗಳ ವಿದ್ಯುತ್ ಬಿಲ್ ಕೇಳಿ, ಜನರೇಟರ್‌ನ ಯೂನಿಟ್‌ಗಳನ್ನೂ ಸೇರಿಸಿ, ಒಟ್ಟನ್ನು ಚದರ ಮೀಟರ್‌ಗಳಿಂದ ಭಾಗಿಸಿ. ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ಬಿಇಇ 2009ರಿಂದ ಕಚೇರಿಗಳಿಗೆ ನಕ್ಷತ್ರ ಕೊಡುತ್ತಿರುವುದೂ ಇದೇ ಲೆಕ್ಕದ ಮೇಲೆ. ಬಿಲ್ ತೋರಿಸಲು ಒಪ್ಪದ ಮಾಲೀಕರಿದ್ದರೆ ಬೇರೆ ಜಾಗ ನೋಡಿ.

ಪೀಣ್ಯದ ಸದಸ್ಯ: ತಾರಸಿಯಲ್ಲಿ ಸೌರ ಫಲಕ ಹಾಕಿದರೆ ಎಷ್ಟು ಅಂಕ ಸಿಗುತ್ತದೆ?

ಬೆಳ್ಳಂದೂರಿನ ಸದಸ್ಯೆ: ಮೇಡಂ, ನಾನು ಸಿಬ್ಬಂದಿ ವಿಭಾಗದವಳು. ನಮ್ಮದು ಪ್ರಮಾಣಪತ್ರವಿರುವ ಕಟ್ಟಡ. ವಿದ್ಯುತ್ ಉಳಿತಾಯದ ಅಭಿಯಾನ ಶುರುವಾದ ಮೇಲೆ ಮಧ್ಯಾಹ್ನ ಮೂರರ ಹೊತ್ತಿಗೆ ಎಲ್ಲರಿಗೂ ತೂಕಡಿಕೆ, ಕೆಲವರಿಗೆ ತಲೆನೋವು. ಲಿಫ್ಟ್ ಬಳಿ ಕೊಳಚೆ ವಾಸನೆ ಬರುತ್ತದೆ. ಊಟ ಜಾಸ್ತಿಯಾಯಿತು ಎಂದು ನಿರ್ವಹಣೆಯವರು ನಗುತ್ತಾರೆ.

ಎಂಜಿನಿಯರ್: ನಗುವ ವಿಷಯವಲ್ಲ. ತೂಕಡಿಕೆ, ತಲೆನೋವು ಮತ್ತು ಲಿಫ್ಟ್ ಬಳಿಯ ವಾಸನೆ ಒಟ್ಟಿಗೆ ಬಂದಿವೆ ಎಂದರೆ ನನ್ನ ಮೊದಲ ಅನುಮಾನ ಹೊರಗಾಳಿಯನ್ನು ಒಳಬಿಡುವ ಮುಚ್ಚಳದ, ಅಂದರೆ ಡ್ಯಾಂಪರ್ ಮೇಲೆ. ಎಎಚ್‌ಯು ಎಂಬ ಗಾಳಿ ತಣಿಸಿ ಹಂಚುವ ಯಂತ್ರದ ಕೋಣೆಗೆ ಹೋಗಿ ನೋಡಿ. ಹೊರಗೋಡೆಯ ಜಾಲರಿಯಿಂದ ಬರುವ ನಾಳದ ಪಕ್ಕದಲ್ಲಿ ಒಂದು ಸಣ್ಣ ಹಿಡಿ ಇರುತ್ತದೆ. ಅದನ್ನು ಮುಚ್ಚುವ ಕಡೆಗೆ ತಿರುಗಿಸಿ ತಂತಿಯಿಂದ ಬಿಗಿದಿರುವುದನ್ನು ಎಷ್ಟೋ ಕಟ್ಟಡಗಳಲ್ಲಿ ಕಂಡಿದ್ದೇನೆ. ಹೊರಗಿನ ಬಿಸಿ ಗಾಳಿಯನ್ನು ತಣಿಸಲು ವಿದ್ಯುತ್ ಬೇಕು, ಮುಚ್ಚಿದರೆ ಬಿಲ್ ಇಳಿಯುತ್ತದೆ ಎಂಬ ಲೆಕ್ಕ ಅದು.

ಆದರೆ ಶೌಚಾಲಯದ ಎಕ್ಸಾಸ್ಟ್ ಫ್ಯಾನ್‌ಗಳು ಗಾಳಿಯನ್ನು ಹೊರಗೆ ತಳ್ಳುತ್ತಲೇ ಇರುತ್ತವೆ. ಹೊರಹೋದಷ್ಟು ಗಾಳಿ ಎಲ್ಲಿಂದಾದರೂ ಒಳಬರಲೇಬೇಕು. ಮೇಲಿನ ದಾರಿ ಮುಚ್ಚಿದ್ದರೆ ಅದು ನೆಲಮಾಳಿಗೆಯಿಂದ, ಲಿಫ್ಟ್ ಓಡಾಡುವ ಕೊಳವಿಯ ಮೂಲಕ ಬರುತ್ತದೆ. ನೆಲಮಾಳಿಗೆಯಲ್ಲಿ ಇರುವುದು ಕಾರುಗಳ ಹೊಗೆ ಮತ್ತು ಕೊಳಚೆ ನೀರು ಶುದ್ಧೀಕರಿಸುವ ಘಟಕ, ಅಂದರೆ ಎಸ್‌ಟಿಪಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಹಾಗಾಗಿ ಕೊಳಚೆ ವಾಸನೆಯನ್ನು ಎಚ್ಚರಿಕೆ ಎಂದೇ ತಿಳಿಯಿರಿ. ಲಿಫ್ಟ್ ಬಾಗಿಲ ಸಂದಿಯ ಬಳಿ ತೆಳು ಕಾಗದದ ಪಟ್ಟಿ ಹಿಡಿಯಿರಿ. ಅದು ಕಚೇರಿಯ ಕಡೆಗೆ ಬಾಗಿದರೆ ಗಾಳಿ ಕೆಳಗಿನಿಂದ ಬರುತ್ತಿದೆ. ಕಾರ್ಬನ್ ಡೈಆಕ್ಸೈಡ್ ಮಾಪಕ ತಂದು ಬೆಳಿಗ್ಗೆ ಮತ್ತು ಮೂರೂವರೆಗೆ ಮೇಜಿನ ಎತ್ತರದಲ್ಲಿ ಅಳೆಯಿರಿ. ಹೊರಗೆ ಸುಮಾರು 420 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ) ಇರುತ್ತದೆ. ಒಳಗೆ 1000 ದಾಟಿದ್ದರೆ ಹೊರಗಾಳಿ ಸಾಲುತ್ತಿಲ್ಲ. ನೆಲಮಾಳಿಗೆಯಲ್ಲಿ ಮಾನಾಕ್ಸೈಡ್ ಮಾಪಕ ಇದೆಯೇ, ಅದು ಕೆಲಸ ಮಾಡುತ್ತಿದೆಯೇ ಎಂದು ಇಂದೇ ಲಿಖಿತವಾಗಿ ಕೇಳಿ.

ಇನ್ನೊಂದು ಮಾತು. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಬೆಂಗಳೂರಿನ ಹೊರಗಾಳಿ ಕಚೇರಿಯ ಗಾಳಿಗಿಂತ ತಂಪಾಗಿರುತ್ತದೆ. ಆಗ ಡ್ಯಾಂಪರ್ ಮುಚ್ಚಿದರೆ ವಿದ್ಯುತ್ ಉಳಿಯುವುದಿಲ್ಲ, ಪೋಲಾಗುತ್ತದೆ.

ಜಯನಗರದ ಸದಸ್ಯ: ಅಷ್ಟೆಲ್ಲ ಏಕೆ? ಪ್ರತಿ ಮೇಜಿಗೆ ಒಂದು ಮನಿ ಪ್ಲಾಂಟ್ ಇಟ್ಟರೆ ಗಾಳಿ ಶುದ್ಧವಾಗುತ್ತದೆ ಎಂದು ನಾಸಾ ಹೇಳಿದೆ. ಈ ಸಂದೇಶವನ್ನು ಎಲ್ಲರಿಗೂ ಹಂಚಿ.

ಎಂಜಿನಿಯರ್: ಹಂಚಬೇಡಿ. ನಾಸಾದ 1989ರ ಪ್ರಯೋಗ ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿ. ಇಂಥ ಪ್ರಯೋಗಗಳನ್ನೆಲ್ಲ 2019ರಲ್ಲಿ ಪರಿಶೀಲಿಸಿದಾಗ, ಸಾಮಾನ್ಯ ವಾತಾಯನದ ಕೆಲಸಕ್ಕೆ ಸಮನಾಗಲು ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡ ಬೇಕಾಗುತ್ತದೆ ಎಂದು ತಿಳಿಯಿತು. ಗಿಡ ಇಡಿ, ಕಣ್ಣಿಗೆ ಚೆಂದ. ಡ್ಯಾಂಪರ್ ಬದಲಿಗೆ ಇಡಬೇಡಿ.

ಇಂದಿರಾನಗರದ ಸದಸ್ಯ: ಗಾಜಿನ ಪೆಟ್ಟಿಗೆ ಕಟ್ಟಿ ಹಸಿರು ಎನ್ನುವುದೇ ಮೋಸ. ದೊಮ್ಮಲೂರಿನ ಟೆರಿ ಕಚೇರಿ ನೋಡಿ. ದಕ್ಷಿಣಕ್ಕೆ ಕೊಳಚೆ ಕಾಲುವೆ ಇದೆಯೆಂದು ಆ ಬದಿಗೆ ಗೋಡೆ ಕಟ್ಟಿ ಕಡಪ ಕಲ್ಲು ಹೊದಿಸಿದ್ದಾರೆ. ಕಲ್ಲು ಬಿಸಿಲಿಗೆ ಕಾದು ಅದರ ಹಿಂದಿನ ಗಾಳಿ ಮೇಲೇರುತ್ತದೆ, ಉತ್ತರದ ಗಾಳಿ ಒಳಬರುತ್ತದೆ.

ಮಾರತ್ತಹಳ್ಳಿಯ ಕಟ್ಟಡ ಮಾಲೀಕ: ಹೊರ ವರ್ತುಲ ರಸ್ತೆಯ ದೂಳಿನಲ್ಲಿ ಕಿಟಕಿ ತೆರೆದು ಕೂರಲು ನೀವು ಬರುತ್ತೀರಾ? ಗಾಜು ಬೇಕು ಎನ್ನುವವರು ಬಾಡಿಗೆದಾರರೇ.

ಇಂದಿರಾನಗರದ ಸದಸ್ಯ: ಬಿಲ್ ಕಟ್ಟುವವರೂ ಬಾಡಿಗೆದಾರರೇ, ಅದಕ್ಕೇ ನಿಮಗೆ ಚಿಂತೆಯಿಲ್ಲ.

ಮಾರತ್ತಹಳ್ಳಿಯ ಕಟ್ಟಡ ಮಾಲೀಕ: ಹವಾನಿಯಂತ್ರಣಕ್ಕೆ ನೀರು ತಣಿಸುವ ಒಳ್ಳೆಯ ಚಿಲ್ಲರ್‌ಗೆ ಹಣ ಹಾಕುವವನು ನಾನು, ಉಳಿತಾಯ ಅವರಿಗೆ. ನೀವು ಒಂದು ಕಟ್ಟಡ ಕಟ್ಟಿ ನೋಡಿ, ಆಮೇಲೆ ಮಾತಾಡಿ.

ಎಂಜಿನಿಯರ್: ಇಬ್ಬರೂ ನಿಲ್ಲಿಸಿ. ಹೂಡಿಕೆ ಒಬ್ಬರದು, ಲಾಭ ಇನ್ನೊಬ್ಬರದು ಎಂಬ ತೊಡಕು ನಿಜ. ಉಳಿತಾಯ ಹಂಚಿಕೊಳ್ಳುವ ಷರತ್ತನ್ನು ಬಾಡಿಗೆ ಕರಾರಿನಲ್ಲೇ ಬರೆಯಿರಿ. ಗಾಜಿನ ವಿಷಯದಲ್ಲಿ, ಇಸಿಬಿಸಿ ಎಂಬ ಕಟ್ಟಡಗಳ ಇಂಧನ ಸಂಹಿತೆಯ ನಿಗದಿತ ಮಿತಿಗಳನ್ನು ನೇರವಾಗಿ ಪಾಲಿಸುವ ಮಾರ್ಗದಲ್ಲಿ ಕಿಟಕಿಯ ಪಾಲು ಗೋಡೆಯ ಶೇ 40 ಮೀರುವಂತಿಲ್ಲ. ಕಿಟಕಿ ತೆರೆಯಲಾಗದ ಕಡೆಯೂ ದಾರಿಯಿದೆ. ಹೈದರಾಬಾದಿನ ಇನ್ಫೊಸಿಸ್ ಆವರಣದ ಒಂದೇ ಕಟ್ಟಡದಲ್ಲಿ ಅರ್ಧಕ್ಕೆ ಮಾಮೂಲು ಹವಾನಿಯಂತ್ರಣ, ಇನ್ನರ್ಧಕ್ಕೆ ಕಾಂಕ್ರೀಟಿನೊಳಗಿನ ಕೊಳವೆಗಳಲ್ಲಿ ತಣ್ಣೀರು ಹರಿಸಿ ಹೋಲಿಸಿದರು. ತಣ್ಣೀರಿನ ಭಾಗಕ್ಕೆ ಸುಮಾರು ಮೂರನೇ ಒಂದರಷ್ಟು ಕಡಿಮೆ ವಿದ್ಯುತ್ ಸಾಕಾಯಿತು.

ಪೀಣ್ಯದ ಸದಸ್ಯ: ಸೌರ ಫಲಕದ ಬಗ್ಗೆ ಕೇಳಿದ್ದೆ.

ಹೆಬ್ಬಾಳದ ಸದಸ್ಯ: ಮೇಡಂ, ಲೀಡ್ ಒಳ್ಳೆಯದೋ ಐಜಿಬಿಸಿಯೋ?

ಎಂಜಿನಿಯರ್: ಮೇಲೆ ಬರೆದಿದ್ದೇನೆ. ಓದಿ.

ರಾಜಾಜಿನಗರದ ಸದಸ್ಯೆ: ಎಸಿ ಎಷ್ಟಕ್ಕೆ ಇಡಬೇಕು?

ಎಂಜಿನಿಯರ್: 24.

ಯಶವಂತಪುರದ ಸದಸ್ಯ: 18ಕ್ಕೆ ಇಟ್ಟರೆ ಬೇಗ ತಣ್ಣಗಾಗುತ್ತದೆಯಲ್ಲ?

ಎಂಜಿನಿಯರ್: ಇಲ್ಲ. 24.

ವೈಟ್‌ಫೀಲ್ಡ್‌ನ ಸದಸ್ಯ: ನಮ್ಮ ಎಸ್‌ಟಿಪಿಯೂ ನಾರುತ್ತಿದೆ. ವಿದ್ಯುತ್ ಉಳಿಸಲು ರಾತ್ರಿ ಟ್ಯಾಂಕಿಗೆ ಗಾಳಿ ಊದುವ ಬ್ಲೋಯರ್ ನಿಲ್ಲಿಸುತ್ತೇವೆ. ಒಂದು ಮೂಟೆ ಬ್ಲೀಚಿಂಗ್ ಪುಡಿ ಸುರಿಯಿರಿ ಎಂಬ ಸಂದೇಶ ಬಂದಿತ್ತು, ಸುರಿದೆವು. ಕಡಿಮೆಯಾಗಲಿಲ್ಲ. ನಾಳೆ ಬೆಳಿಗ್ಗೆ ಹೌಸ್‌ಕೀಪಿಂಗ್ ಹುಡುಗರಿಬ್ಬರು ಟ್ಯಾಂಕಿಗೆ ಇಳಿದು ಕೆಸರು ತೆಗೆಯುತ್ತಾರೆ. ಬೇರೆ ಏನಾದರೂ ಹಾಕಬೇಕೇ?

ಎಂಜಿನಿಯರ್: ಯಾರನ್ನೂ ಇಳಿಸಬೇಡಿ. ಬ್ಲೋಯರ್ ನಿಂತ ಟ್ಯಾಂಕಿನಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಅದು ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ, ಇಳಿದವರು ಅಲ್ಲೇ ಕುಸಿಯುತ್ತಾರೆ, ಎತ್ತಲು ಹೋದವರೂ ಸಾಯುತ್ತಾರೆ. ರಕ್ಷಣಾ ಸಾಧನವಿಲ್ಲದೆ ಹೀಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಡಿ ಅಪರಾಧವೂ ಹೌದು. ನೀವು ಸುರಿದ ಬ್ಲೀಚಿಂಗ್ ಪುಡಿ ಕೊಳಚೆಯನ್ನು ತಿನ್ನುವ ಬ್ಯಾಕ್ಟೀರಿಯಾಗಳನ್ನೇ ಕೊಂದಿದೆ. ಇನ್ನು ಏನನ್ನೂ ಹಾಕಬೇಡಿ, ಆಸಿಡ್ ಅಂತೂ ಬೇಡವೇ ಬೇಡ, ಕ್ಲೋರಿನ್ ಅನಿಲ ಏಳುತ್ತದೆ. ಬ್ಲೋಯರ್ ಹಗಲು ರಾತ್ರಿ ನಡೆಯಲಿ. ಕೆಸರನ್ನು ಹೊರಗಿನಿಂದಲೇ ಹೀರುವ ಯಂತ್ರದ ಲಾರಿ ಕರೆಸಿ.

ಮಾರತ್ತಹಳ್ಳಿಯ ಕಟ್ಟಡ ಮಾಲೀಕ: ಲಾರಿ ತರಿಸಿದರೆ ಖರ್ಚು ಯಾರದು? ನಮ್ಮಲ್ಲಿ ಹುಡುಗರೇ ಇಳಿಯುತ್ತಾರೆ, ಏನೂ ಆಗಿಲ್ಲ.

ಎಂಜಿನಿಯರ್: ನಿಮ್ಮ ಕಟ್ಟಡದಲ್ಲೂ ಇಂದೇ ನಿಲ್ಲಿಸಿ. ಖರ್ಚಿನ ಮಾತನ್ನು ನಾನು ಈ ವಿಷಯದಲ್ಲಿ ಆಡುವುದಿಲ್ಲ. ವೈಟ್‌ಫೀಲ್ಡ್‌ನವರೇ, ನಾಳೆಯ ಕೆಲಸ ರದ್ದಾಯಿತೆಂದು ಹುಡುಗರಿಗೆ ತಿಳಿಸಿದಿರಾ?

ವೈಟ್‌ಫೀಲ್ಡ್‌ನ ಸದಸ್ಯ: ಗುತ್ತಿಗೆದಾರನಿಗೆ ಈಗ ಫೋನ್ ಮಾಡುತ್ತಿದ್ದೇನೆ ಮೇಡಂ.