ಲೇಸರ್ ಪ್ರಿಂಟರ್‌ನ ಪವರ್ ಸಪ್ಲೈ ಬೋರ್ಡ್: 24 ವೋಲ್ಟ್ ನಿಲ್ಲುತ್ತಿಲ್ಲ

ಪ್ರಶ್ನೆ (ಯಾದಗಿರಿ): ನಮ್ಮ ಜೆರಾಕ್ಸ್ ಅಂಗಡಿಯಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಲೇಸರ್ ಪ್ರಿಂಟರ್‌ನ ದೀಪಗಳು ಒಮ್ಮೆ ಮಿನುಗಿ ಆರಿಹೋಗುತ್ತಿವೆ. ಫ್ಯೂಸ್ ಸರಿಯಾಗಿದ್ದು, ದೊಡ್ಡ ಕೆಪಾಸಿಟರ್‌ನ ಮೇಲೆ ಸುಮಾರು 320 ವೋಲ್ಟ್ ಡಿಸಿ ಇದೆ. ಆದರೆ 24 ವೋಲ್ಟ್‌ನ ಲೈನು ಸ್ವಲ್ಪ ಏರಿ ಮತ್ತೆ ಬೀಳುತ್ತದೆ. ಎಲ್ಲಿಂದ ಹುಡುಕಬೇಕು?

ಉತ್ತರ (ಕಲಬುರಗಿ): ಮೊದಲು ಸುರಕ್ಷತೆ. ಪ್ಲಗ್ ತೆಗೆದ ನಂತರವೂ ಆ ಕೆಪಾಸಿಟರ್ ಪ್ರಾಣಕ್ಕೆ ಅಪಾಯ ತರುವಷ್ಟು ಚಾರ್ಜ್ ಹಿಡಿದಿಟ್ಟುಕೊಂಡಿರಬಹುದು. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡದೆ, 2 ಕಿಲೋ ಓಮ್, 10 ವ್ಯಾಟ್ ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರ್‌ನಲ್ಲಿ ಖಚಿತಪಡಿಸಿಕೊಳ್ಳಿ. 320 ವೋಲ್ಟ್ ಬರುತ್ತಿರುವುದರಿಂದ ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫೈಯರ್‌ನ ಮೇಲೆ ಅನುಮಾನ ಬೇಡ. ಮೇನ್ ಬೋರ್ಡಿಗೆ ಹೋಗುವ ಕನೆಕ್ಟರ್ ಬಿಡಿಸಿ ಅಳೆಯಿರಿ: 24 ವೋಲ್ಟ್ ನಿಂತರೆ ಶಾರ್ಟ್ ಇರುವುದು ಹೊರಗೆ, ಮೋಟಾರ್ ಅಥವಾ ಅದನ್ನು ಓಡಿಸುವ ಡ್ರೈವರ್ ಸರ್ಕ್ಯೂಟ್‌ನಲ್ಲಿ, ಆಗಲೂ ಬಿದ್ದರೆ ದೋಷ ಬೋರ್ಡಿನಲ್ಲೇ ಇರುವ ಸಾಧ್ಯತೆ ಹೆಚ್ಚು.

ಪ್ರಶ್ನಿಸಿದವರು: ಕನೆಕ್ಟರ್ ಬಿಡಿಸಿದರೂ ಬೀಳುತ್ತಿದೆ. ಹೀಟ್ ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) ಪಕ್ಕದ ಒಂದು ಕೆಪಾಸಿಟರ್‌ನ ತಲೆ ಉಬ್ಬಿದ್ದು, ಬುಡದಲ್ಲಿ ಕಂದು ಕಲೆ ಕಾಣುತ್ತಿದೆ.

ಉತ್ತರ (ಬೀದರ್): ಅದನ್ನೇ ಬದಲಿಸಿ. ಅಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟೇಜ್, 105 ಡಿಗ್ರಿ ಸೆಲ್ಸಿಯಸ್‌ನ, ಕಡಿಮೆ ಇಎಸ್‌ಆರ್ (ಕೆಪಾಸಿಟರ್‌ನ ಒಳಗಿನ ರೋಧ) ಇರುವುದನ್ನೇ ಹಾಕಿ. ನಮ್ಮ ಕಡೆಯ ಬೇಸಿಗೆಗೆ 85 ಡಿಗ್ರಿಯ ಅಗ್ಗದ ಮಾಲು ಬಾಳುವುದಿಲ್ಲ. ಧ್ರುವತೆ (ಪ್ಲಸ್, ಮೈನಸ್ ಕಾಲುಗಳು) ತಪ್ಪಬಾರದು. ಹತ್ತಿರದ ಶಾಟ್ಕಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಶಾರ್ಟ್ ಆಗಿದೆಯೇ ಎಂದೂ ನೋಡಿ, ಏಕೆಂದರೆ ಅದು ಹೋಗಿದ್ದರೂ ಲಕ್ಷಣ ಇದೇ ಇರುತ್ತದೆ.